ಶೇಡಿಮಣ್ಣಿನ ಮೇಲೆ ನಿಂತ ಗುಡ್ಡ

ಬಂಟ್ವಾಳದಿಂದ ಸಿದ್ಧಕಟ್ಟೆ ಹಾದು ಮೂಡುಬಿದಿರೆಗೆ ಹೋಗುವ ಸೀಮೆಯ ಪದವುಗಳಲ್ಲಿ ಮುರಕಲ್ಲಿನ ಕೋರೆಗಳಿವೆ. ಕೆಲಸ ನಿಂತ ಕೋರೆಯೊಂದರ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ ಗುಡ್ಡದ ಜಾತಕವೇ ಸಿಗುತ್ತದೆ. ನೆತ್ತಿಯಲ್ಲಿ ಬಿಸಿಲು ಮಳೆಗೆ ಕಪ್ಪಾದ ಗಟ್ಟಿ ಹಾಸು. ಅದರ ಕೆಳಗೆ ತೂತು ತೂತಾದ ಕೆಂಪು ಕಲ್ಲು. ಮನೆ, ಕಾಂಪೌಂಡು, ಬಾವಿಕಟ್ಟೆ ಎಲ್ಲಕ್ಕೂ ಬರುವುದು ಇದೇ. ಇನ್ನೂ ಇಳಿದರೆ ಕಲ್ಲು ಮೆದುವಾಗುತ್ತದೆ, ಹಳದಿ ಮಚ್ಚೆಗಳು ಕಾಣಿಸುತ್ತವೆ. ಆಮೇಲೆ ಬಿಳಿ, ನಸುಗೆಂಪು, ತಿಳಿಹಳದಿ ಬಣ್ಣದ ನುಣುಪು ಮಣ್ಣು. ಕಲ್ಲು ಕಡಿಯುವವರು ಯಂತ್ರ ನಿಲ್ಲಿಸುವುದು ಅಲ್ಲಿಗೆ. ಶೇಡಿ ಬಂತೆಂದರೆ ಕಲ್ಲು ಮುಗಿಯಿತು ಎಂದೇ ಲೆಕ್ಕ.

ಕೋರೆಯವರ ಲೆಕ್ಕ ಎಲ್ಲಿ ಮುಗಿಯುತ್ತದೋ ಗುಡ್ಡ ಕುಸಿತದ ವಿಜ್ಞಾನ ಅಲ್ಲಿಂದಲೇ ಶುರುವಾಗುತ್ತದೆ. ಅದನ್ನು ತಿಳಿಯಲು ಒಮ್ಮೆ ಹಿಮದ ಸೀಮೆಗೆ ಹೋಗಿಬರಬೇಕು.

ಸ್ವಿಟ್ಜರ್ಲೆಂಡಿನ ದಾವೋಸ್ ಪಟ್ಟಣದ ಮೇಲಿನ ವೈಸ್‌ಫ್ಲೂಯೋಖ್ ಎಂಬಲ್ಲಿ, ಎರಡೂವರೆ ಸಾವಿರ ಮೀಟರ್ ಎತ್ತರದಲ್ಲಿ, 1936ರಿಂದ ಚಳಿಗಾಲದ ಪ್ರತಿದಿನವೂ ಹಿಮದ ಆಳವನ್ನು ಅಳೆದು ಬರೆದಿಡುತ್ತ ಬಂದಿದ್ದಾರೆ. ಆಳ ಅಳೆಯುವುದು ಕೆಲಸದ ಒಂದು ಭಾಗ ಮಾತ್ರ. ಆಗಾಗ ನೆಲದವರೆಗೂ ಹೊಂಡ ತೋಡಿ, ಹಿಮದ ಗೋಡೆಯನ್ನು ಪದರ ಪದರವಾಗಿ ಓದುತ್ತಾರೆ. ಯಾವ ಪದರ ಗಟ್ಟಿ, ಯಾವುದು ಸಡಿಲ, ಹರಳು ಎಷ್ಟು ದೊಡ್ಡದು, ಉಷ್ಣತೆ ಎಷ್ಟು ಎಂಬುದೆಲ್ಲ ದಾಖಲಾಗುತ್ತದೆ. ಸುರಿದ ಹಿಮ ಬಿದ್ದಂತೆಯೇ ಉಳಿಯುವುದಿಲ್ಲ. ಒಂದೊಂದು ಹಿಮಸುರಿತಕ್ಕೂ ಒಂದೊಂದು ಹಾಸು. ಹಾಸಿನ ಮೇಲೆ ಹಾಸು ಕೂರುತ್ತ, ತೂಕಕ್ಕೆ ಅಮರುತ್ತ, ಒಳಗೊಳಗೇ ಬದಲಾಗುತ್ತ ಹೋಗುತ್ತದೆ.

ಈ ವಿದ್ಯೆಯನ್ನು ಕಟ್ಟಿದವರ ಪೈಕಿ ಪ್ರಮುಖನಾದ ರಾಬರ್ಟ್ ಹೇಫೆಲಿ ಮೂಲತಃ ಮಣ್ಣಿನ ಎಂಜಿನಿಯರ್. ಜೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅವನ ಕೆಲಸ ಮಣ್ಣಿನ ಬಲದ ಪರೀಕ್ಷೆ. ಮಣ್ಣು ತುಂಬಿದ ಪೆಟ್ಟಿಗೆಯನ್ನು ಒತ್ತಿ, ಜಾರಿಸಿ ನೋಡುವ ಉಪಾಯಗಳನ್ನೇ ಅವನು ದಾವೋಸ್‌ನ ಹಿಮಕ್ಕೂ ಹಚ್ಚಿದ. 1939ರಲ್ಲಿ ಸಂಗಡಿಗರ ಜೊತೆ ಅವನು ಹೊರತಂದ ಹಿಮ ಮತ್ತು ಅದರ ರೂಪಾಂತರದ ಪುಸ್ತಕ ಈ ಶಾಸ್ತ್ರಕ್ಕೆ ತಳಪಾಯವಾಯಿತು. ಅಂದರೆ ಹಿಮಕುಸಿತದ ವಿಜ್ಞಾನ ಹುಟ್ಟಿದ್ದು ಮಣ್ಣಿನ ವಿಜ್ಞಾನದ ಮಡಿಲಲ್ಲಿ. ಹಿಮದಿಂದ ಕಲಿತದ್ದನ್ನು ತಿರುಗಿ ಮಣ್ಣಿಗೆ ಹಚ್ಚಿ ನೋಡುವುದು ದಕ್ಷಿಣ ಕನ್ನಡದಂಥ ಕಡೆ ಇನ್ನೂ ಪೂರ್ತಿ ಆಗಬೇಕಾದ ಕೆಲಸ.

ಹಿಮಕುಸಿತಗಳಲ್ಲಿ ಹೆಚ್ಚು ಜನರನ್ನು ಕೊಲ್ಲುವುದು ಹಾಸು ಜಾರುವ ಬಗೆ. ನೆಲದ ಬಿಸುಪಿಗೂ ಮೇಲಿನ ಚಳಿಗೂ ವ್ಯತ್ಯಾಸ ಹೆಚ್ಚಾದಾಗ ಹಿಮದೊಳಗೆ ನೀರಾವಿ ಮೇಲಕ್ಕೆ ಸಾಗಿ, ಒಂದಕ್ಕೊಂದು ಅಂಟದ ಸಕ್ಕರೆಯಂಥ ಹರಳುಗಳ ಪದರವೊಂದು ಬೆಳೆಯುತ್ತದೆ. ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಿಮ ಕೂರುತ್ತದೆ. ಮೇಲೆ ನಿಂತು ನೋಡಿದವನಿಗೆ ಅಡಿಯ ಸಡಿಲ ಪದರ ಕಾಣುವುದಿಲ್ಲ. ಮೇಲ್ಮೈ ಗಟ್ಟಿಯಾಗಿದ್ದಷ್ಟೂ ಧೈರ್ಯ ಹೆಚ್ಚು. ಹೊಸ ಹಿಮದ ಭಾರ ಸಾಕು, ಕೆಲವೊಮ್ಮೆ ಒಬ್ಬ ಸ್ಕೀ ಆಟಗಾರನ ತೂಕವೂ ಸಾಕು, ಸಡಿಲ ಪದರ ಒಂದು ಕಡೆ ಮುರಿದು ಆ ಬಿರುಕು ಕ್ಷಣದಲ್ಲಿ ಇಳಿಜಾರಿನ ಉದ್ದಕ್ಕೂ ಓಡುತ್ತದೆ. ಮೇಲಿನ ಹಾಸು ಇಡಿಯಾಗಿ ಕಳಚಿಕೊಳ್ಳುತ್ತದೆ. ಇಂಥ ಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದಲ್ಲಿ ಹಿಮ ನಿಲ್ಲುವುದೇ ಕಷ್ಟ. ಅದಕ್ಕಿಂತ ಸಪಾಟಾದಲ್ಲಿ ಜಾರುವುದಿಲ್ಲ. ಹಿಮದಾಟಕ್ಕೆ ಹೋಗಿ ಸಿಕ್ಕಿಬಿದ್ದವರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟರಲ್ಲಿ ಕುಸಿತವನ್ನು ಎಬ್ಬಿಸಿದ್ದು ಅವರೇ, ಇಲ್ಲವೆ ಅವರ ಜೊತೆಗಿದ್ದವರೇ.

ಕನ್ನಡಿಗರಿಗೆ ಹಿಮಕುಸಿತ ಮನೆಯ ಸುದ್ದಿಯಾದದ್ದು 2016ರ ಫೆಬ್ರುವರಿಯಲ್ಲಿ. ಆ ತಿಂಗಳ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮದ ಗೋಡೆಯೊಂದು ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿಯನ್ನು ಹೂತುಹಾಕಿತು. ಆರನೇ ದಿನ, ಸುಮಾರು 25 ಅಡಿ ಆಳದಿಂದ, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಉಳಿದ ಒಂಬತ್ತು ಮಂದಿಯಲ್ಲಿ ಹಾಸನ, ಮೈಸೂರು ಜಿಲ್ಲೆಗಳ ಯೋಧರೂ ಇದ್ದರು. ಹಿಮದಡಿ ಆರು ದಿನ ಬದುಕುಳಿಯುವುದು ಲೋಕದಲ್ಲೇ ಅಪರೂಪ. ಆಲ್ಪ್ಸ್‌ನ ಅಪಘಾತಗಳ ಅಂಕಿಅಂಶ ನೋಡಿದರೆ, ಪೂರ್ತಿ ಹೂತುಹೋದವರನ್ನು 15 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. 35 ನಿಮಿಷ ದಾಟಿದರೆ ಮೂರರಲ್ಲಿ ಒಬ್ಬರು. ಹಿಮದಲ್ಲಿ ಗಾಳಿ ಇದೆ, ಅಷ್ಟಾದರೂ ಅವಕಾಶವಿದೆ. ನೆನೆದ ಮಣ್ಣಿನಲ್ಲಿ ಅದೂ ಇಲ್ಲ.

ಭಾರತದಲ್ಲಿ ಹಿಮದ ಈ ಅಧ್ಯಯನಕ್ಕೆ ಸೇನೆಯ ಅಗತ್ಯವೇ ಕಾರಣವಾಯಿತು. ಮನಾಲಿಯಲ್ಲಿ 1969ರಲ್ಲಿ ಶುರುವಾದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಹಿಮಾಲಯದ ಎತ್ತರಗಳಲ್ಲಿ ವೀಕ್ಷಣಾಲಯಗಳನ್ನಿಟ್ಟು ಮುನ್ಸೂಚನೆ ಕೊಡತೊಡಗಿತು. 2020ರಲ್ಲಿ ಅದನ್ನು ಡಿಆರ್‌ಡಿಒದ ಇನ್ನೊಂದು ಪ್ರಯೋಗಾಲಯದ ಜೊತೆ ಸೇರಿಸಿದರು. ಹೊಸ ಸಂಸ್ಥೆಯ ಹೊಣೆಯಲ್ಲಿ ಈಗ ಭೂಕುಸಿತವೂ ಸೇರಿದೆ. ಎರಡನ್ನೂ ಒಂದೇ ಸೂರಿನಡಿ ತಂದದ್ದು ಬರೀ ಆಡಳಿತದ ಅನುಕೂಲಕ್ಕಲ್ಲ ಎಂಬುದು ಶೇಡಿಮಣ್ಣನ್ನು ನೋಡಿದವರಿಗೆ ಗೊತ್ತಾಗುತ್ತದೆ.

ಶೇಡಿ ಹೇಗಾಗುತ್ತದೆ? ಕರಾವಳಿಯ ಅಡಿಗಲ್ಲು ಬಹುಪಾಲು ಗ್ರಾನೈಟು ಜಾತಿಯ ನೈಸ್. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ, ಆಮೇಲೆ ಸುಡುಬಿಸಿಲು. ಲಕ್ಷಾಂತರ ವರ್ಷ ಇದೇ ನಡೆದರೆ ಬಂಡೆ ನಿಂತಲ್ಲೇ ಕೊಳೆಯುತ್ತದೆ. ಬಂಡೆಯ ಫೆಲ್ಡ್‌ಸ್ಪಾರ್ ಖನಿಜ ಕರಗಿ ಕೆಯೊಲಿನ್ ಜೇಡಿಯಾಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂಗಳು ಮೇಲ್ಪದರದಲ್ಲಿ ಉಳಿದು ಗಟ್ಟಿಯಾಗಿ ಮುರಕಲ್ಲಾಗುತ್ತವೆ. ಈಸ್ಟ್ ಇಂಡಿಯಾ ಕಂಪನಿಗಾಗಿ ಸಮೀಕ್ಷೆ ಮಾಡುತ್ತ 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಡಿಪುರಂ ಬಳಿ ಈ ಕಲ್ಲನ್ನು ಮೊದಲು ಗುರುತಿಸಿ ಲ್ಯಾಟರೈಟ್ ಎಂದು ಹೆಸರಿಟ್ಟವನು. ನೆಲದೊಳಗಿದ್ದಾಗ ಕತ್ತರಿಸಲು ಬರುವಷ್ಟು ಮೆದು, ಗಾಳಿಗೆ ಒಡ್ಡಿದರೆ ಇಟ್ಟಿಗೆಯಷ್ಟು ಗಟ್ಟಿ ಎಂಬ ಅದರ ಗುಣ ಅವನನ್ನು ಸೆಳೆಯಿತು. ಅಡಿಯ ಬಿಳಿಮಣ್ಣಿಗೆ ಅಷ್ಟು ಕೀರ್ತಿ ಸಿಗಲಿಲ್ಲ.

ಅದರ ನಡತೆ ಮಾತ್ರ ಮುರಕಲ್ಲಿಗಿಂತ ಹೆಚ್ಚು ಕುತೂಹಲದ್ದು. ಸುರತ್ಕಲ್‌ನ ಎನ್‌ಐಟಿಕೆಯ ಸಿವಿಲ್ ಎಂಜಿನಿಯರಿಂಗ್ ವಿಭಾಗದವರು ಶೇಡಿಯ ಮೇಲೆ ಹಲವು ವರ್ಷಗಳಿಂದ ಪ್ರಯೋಗ ಮಾಡುತ್ತ ಬಂದಿದ್ದಾರೆ. ರಸ್ತೆ, ಕಟ್ಟಡಗಳ ಅಡಿಪಾಯಕ್ಕೆ ಅದು ಕೊಡುವ ಕಾಟವೇ ಅದಕ್ಕೆ ಕಾರಣ. ಒಣಗಿದಾಗ ಶೇಡಿ ಗಟ್ಟಿ. ಕಡಿದ ಬರೆ ಬೇಸಗೆಯಿಡೀ ನೆಟ್ಟಗೆ ಗೋಡೆಯಂತೆ ನಿಲ್ಲುತ್ತದೆ. ನೀರು ಕುಡಿಯಿತೆಂದರೆ ಅದರ ಬಲ ಏಕಾಏಕಿ ಕುಗ್ಗುತ್ತದೆ, ಕಣಗಳು ನೀರಿನ ಜೊತೆ ಕೊಚ್ಚಿಹೋಗುತ್ತವೆ. ಮೇಲಿನ ಮುರಕಲ್ಲು ತೂತಿನ ಕಲ್ಲಾದ್ದರಿಂದ ಮಳೆಯನ್ನು ಸರಾಗ ಒಳಗೆ ಬಿಡುತ್ತದೆ. ಶೇಡಿ ಅಷ್ಟು ಬೇಗ ಕೆಳಗೆ ಬಿಡುವುದಿಲ್ಲ. ಹಾಗಾಗಿ ನೀರು ನಿಲ್ಲುವುದು ಇವೆರಡರ ನಡುವಿನ ಸಂದಿಯಲ್ಲಿ. ಮೇಲೆ ಗಟ್ಟಿ ಹಾಸು, ಅಡಿಯಲ್ಲಿ ಕಾಣದ ಸಡಿಲ ಪದರ: ದಾವೋಸ್‌ನ ಹೊಂಡದಲ್ಲಿ ಕಂಡ ಏರ್ಪಾಡೇ ಸಿದ್ಧಕಟ್ಟೆಯ ಕೋರೆಯಲ್ಲೂ ಇದೆ.

ನಿಂತ ನೀರು ಮಾಡುವ ಕೆಲಸವನ್ನು 1920ರ ದಶಕದಲ್ಲಿ ಲೆಕ್ಕಕ್ಕೆ ತಂದವನು ಆಸ್ಟ್ರಿಯಾದ ಎಂಜಿನಿಯರ್ ಕಾರ್ಲ್ ಟರ್ಜಾಗಿ. ನೀರು ಮಣ್ಣನ್ನು ಎಣ್ಣೆ ಹಚ್ಚಿದಂತೆ ಜಾರಿಸುತ್ತದೆ ಎಂಬುದು ಜನರ ನಂಬಿಕೆ. ಅಸಲು ಸಂಗತಿ ಬೇರೆ. ಇಳಿಜಾರಿನಲ್ಲಿ ಮಣ್ಣನ್ನು ಹಿಡಿದಿಡುವುದು ಘರ್ಷಣೆ; ಘರ್ಷಣೆ ಬರುವುದು ಮೇಲಿನ ಮಣ್ಣಿನ ತೂಕ ಕೆಳಗಿನ ಪದರವನ್ನು ಒತ್ತುವುದರಿಂದ. ಎರಡು ಮೀಟರ್ ದಪ್ಪದ ನೆನೆದ ಮಣ್ಣು ಪ್ರತಿ ಚದರ ಮೀಟರಿಗೆ ಸುಮಾರು ನಾಲ್ಕು ಟನ್ ತೂಗುತ್ತದೆ. ಆ ಮಣ್ಣಿನ ರಂಧ್ರಗಳಲ್ಲಿ ನೀರು ಮೇಲ್ಮೈವರೆಗೂ ತುಂಬಿ ನಿಂತರೆ ಬುಡದಲ್ಲಿ ಚದರ ಮೀಟರಿಗೆ ಸುಮಾರು ಎರಡು ಟನ್ ಒತ್ತಡ ಮೇಲ್ಮುಖವಾಗಿ ಬೀಳುತ್ತದೆ. ಹಿಡಿದಿಡುವ ಒತ್ತಡದಲ್ಲಿ ಅರ್ಧ ಅಲ್ಲಿಗೆ ಖಾಲಿ. ಕೆಳಗೆಳೆಯುವ ತೂಕ ಮಾತ್ರ ಕಡಿಮೆಯಾಗಿಲ್ಲ, ನೀರು ಸೇರಿ ಹೆಚ್ಚೇ ಆಗಿದೆ. ಮಳೆ ನಿಂತ ಮೇಲೂ ಗುಡ್ಡ ಜರಿಯುವುದು ಇದರಿಂದಲೇ. ಒಳಗಿನ ನೀರು ಏರುವುದು ನಿಧಾನ, ಇಳಿಯುವುದು ಇನ್ನೂ ನಿಧಾನ.

2022ರ ಜುಲೈ 6ರಂದು ಬಂಟ್ವಾಳ ತಾಲ್ಲೂಕಿನ ಪಂಜಿಕಲ್ಲಿನಲ್ಲಿ ಗುಡ್ಡ ಕುಸಿದು, ರಬ್ಬರ್ ತೋಟದ ಕೆಲಸಕ್ಕೆ ಕೇರಳದಿಂದ ಬಂದಿದ್ದ ಮೂವರು ಕಾರ್ಮಿಕರು ಸತ್ತರು. ಮರುವರ್ಷ, 2023ರ ಜುಲೈ 7ರಂದು, ಇದೇ ತಾಲ್ಲೂಕಿನ ಸಜಿಪಮುನ್ನೂರು ಗ್ರಾಮದ ನಂದಾವರದಲ್ಲಿ ಮನೆಯ ಮೇಲೆ ಗುಡ್ಡ ಜರಿದು ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಎರಡೂ ಕಡೆ ಮಣ್ಣು ದೂರದಿಂದ ಬಂದದ್ದಲ್ಲ; ವಾಸದ ಮಗ್ಗುಲಲ್ಲೇ ಇದ್ದ ಗುಡ್ಡ. ಮಳೆಗಾಲದ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಬರೆ ಕುಸಿದು ಮನೆಗೆ ಹಾನಿ’ ಎಂಬ ಸುದ್ದಿ ಎಷ್ಟು ಮಾಮೂಲೆಂದರೆ, ಸಾವು ಸಂಭವಿಸದಿದ್ದರೆ ಅದು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ.

ಇಂಥ ಕುಸಿತಗಳಲ್ಲಿ ಮನುಷ್ಯರ ಕೈ ಎದ್ದು ಕಾಣುತ್ತದೆ. ಗದ್ದೆಬೈಲು ತುಂಬಿದೆ, ಪದವು ಸೈಟಾಗಿದೆ. ಉಳಿದದ್ದು ಗುಡ್ಡದ ಓರೆ. ಜೆಸಿಬಿ ಒಂದು ದಿನದಲ್ಲಿ ಓರೆಯನ್ನು ಕಡಿದು ಮನೆಗೆ ಬೇಕಾದ ಸಪಾಟು ಮಾಡಿಕೊಡುತ್ತದೆ, ಹಿಂದೆ ಹದಿನೈದಿಪ್ಪತ್ತು ಅಡಿಯ ನೆಟ್ಟನೆ ಬರೆ ಉಳಿಯುತ್ತದೆ. ಬುಡದಲ್ಲಿ ಶೇಡಿ ಬಯಲಾದರೂ ಬೇಸಗೆಯಲ್ಲಿ ಅದು ಗಟ್ಟಿಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹೆದ್ದಾರಿಯವರದೂ ಇದೇ ಕಥೆ, ಪ್ರಮಾಣ ಮಾತ್ರ ದೊಡ್ಡದು: ಮೂಡುಬಿದಿರೆಯ ಮೇಲೆ ಕಾರ್ಕಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ರ ಅಗಲೀಕರಣಕ್ಕೆ ಗುಡ್ಡಗಳನ್ನು ಸೀಳಿದ ಜಾಗಗಳನ್ನು ನೋಡಿದರೆ ಸಾಕು. ತಡೆಗೋಡೆ ಕಟ್ಟುವವರೂ ಗೋಡೆಯ ಹಿಂದಿನ ನೀರಿಗೆ ದಾರಿ ಬಿಡಲು ಮರೆಯುತ್ತಾರೆ. ಹಿಂದೆ ಗುಡ್ಡದ ಮೇಲಂಚಿನಲ್ಲಿ ಕಣಿ ತೆಗೆದು ನೀರನ್ನು ಬದಿಯ ತೋಡಿಗೆ ತಿರುಗಿಸುತ್ತಿದ್ದರು; ಈಗ ಚಾವಣಿಯ ನೀರಿನ ಪೈಪೂ ಕೆಲವೆಡೆ ಹಿತ್ತಿಲ ಬರೆಯ ಕಡೆಗೇ ಬಾಯಿ ಮಾಡಿರುತ್ತದೆ. 1430ರಲ್ಲಿ ಎದ್ದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳ ಶೈಲಿ ಹತ್ತೊಂಬತ್ತನೇ ಶತಮಾನದ ವಾಸ್ತುಶಿಲ್ಪ ಇತಿಹಾಸಕಾರ ಜೇಮ್ಸ್ ಫರ್ಗುಸನ್‌ಗೆ ನೇಪಾಳವನ್ನು ನೆನಪಿಸಿತಂತೆ. ಅದನ್ನು ಕಟ್ಟಿದವರಿಗೆ ಹಿಮ ಗೊತ್ತಿರಲಿಕ್ಕಿಲ್ಲ, ಮಳೆನೀರು ತಲೆಯ ಮೇಲೆ ನಿಲ್ಲಬಾರದೆಂಬುದು ಚೆನ್ನಾಗಿಯೇ ಗೊತ್ತಿತ್ತು.

ನೀರು ಎಲ್ಲಿ ನಿಲ್ಲುತ್ತದೆ ಎಂಬ ಜ್ಞಾನಕ್ಕೇನೂ ಈ ಸೀಮೆಯಲ್ಲಿ ಬರವಿಲ್ಲ. ಬಂಟ್ವಾಳ ತಾಲ್ಲೂಕಿನ ಮಾಣಿಲ, ಕೇಪು, ಗಡಿಯಾಚೆ ಕಾಸರಗೋಡಿನ ಬಾಯಾರು, ಈ ಊರುಗಳಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತೆಗೆಯುವ ಪದ್ಧತಿ ಇದೆ. ಒಬ್ಬ ಮನುಷ್ಯ ನುಸುಳುವಷ್ಟು ಅಗಲ, ತಲೆ ತಗ್ಗಿಸಿ ನಡೆಯುವಷ್ಟು ಎತ್ತರ. ಮೋಟಾರಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಅಡ್ಯನಡ್ಕ ಬಳಿಯ ಅಮೈಯ ಮಹಾಲಿಂಗ ನಾಯ್ಕರು ಒಂಟಿಯಾಗಿ ಸುರಂಗಗಳನ್ನು ಕೊರೆದು, ಕೆಲವು ಬರಿದಾದರೂ ಬಿಡದೆ, ಕೊನೆಗೆ ನೀರು ಕಂಡು ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗ ಕೊರೆಯುವವರು ಮಣ್ಣಿನ ಬಣ್ಣ, ತೇವ, ಗಟ್ಟಿತನ ನೋಡುತ್ತ ಮುಂದುವರಿಯುತ್ತಾರೆ. ಕುಸಿಯುವ ಮಣ್ಣು ಸಿಕ್ಕಿದರೆ ಕೈಬಿಡುತ್ತಾರೆ. ಪ್ರಯೋಗಾಲಯದ ಭಾಷೆಯಲ್ಲಿ ಹೇಳದಿದ್ದರೂ ಇವರು ಓದುವುದು ಗುಡ್ಡದ ಪದರಗಳನ್ನೇ. ಮನೆ ಕಟ್ಟಲು ಗುಡ್ಡ ಕಡಿಯುವ ಮುಂಚೆ ಇಂಥವರೊಬ್ಬರನ್ನು ಕರೆದು ತೋರಿಸುವ ರೂಢಿ ಬಂದರೆ ತಪ್ಪೇನಿಲ್ಲ.

ಬೆಳ್ತಂಗಡಿಯ ಸಮಸ್ಯೆ ಬೇರೆ ಜಾತಿಯದು. ಇಲ್ಲಿ ತಾಲ್ಲೂಕಿನ ಮೂಡಲ ಅಂಚೇ ಘಟ್ಟದ ಗೋಡೆ. 1,890 ಮೀಟರಿಗೂ ಎತ್ತರದ ಕುದುರೆಮುಖದ ಶ್ರೇಣಿಯಿಂದ ನೆಲ ಕೆಲವೇ ಕಿಲೋಮೀಟರುಗಳಲ್ಲಿ ತೋಟದ ಮಟ್ಟಕ್ಕೆ ಇಳಿಯುತ್ತದೆ. ಕಡಿದಾದ ನೈಸ್ ಬಂಡೆಯ ಮೇಲೆ ತೆಳುವಾದ ಮಣ್ಣಿನ ಹೊದಿಕೆ, ಅದರ ಮೇಲೆ ಶೋಲಾ ಕಾಡು ಮತ್ತು ಹುಲ್ಲುಗಾವಲು. 2019ರ ಆಗಸ್ಟ್ ಮೊದಲ ವಾರವಿಡೀ ಸುರಿದ ಮಳೆ 9ರಂದು ತಡೆಮೀರಿತು. ಚಾರ್ಮಾಡಿ, ಮಿತ್ತಬಾಗಿಲು, ಮಲವಂತಿಗೆ, ದಿಡುಪೆ ಕಡೆಯ ಘಟ್ಟದ ಹಸಿರಿನಲ್ಲಿ ಒಂದರ ಮಗ್ಗುಲಲ್ಲಿ ಇನ್ನೊಂದರಂತೆ ಕೆಂಪು ಗೀರುಗಳೆದ್ದವು. ಮೃತ್ಯುಂಜಯ ಹೊಳೆಯಲ್ಲಿ ನೀರಿನ ಜೊತೆ ಬಂಡೆಗಳೂ ಬುಡಸಮೇತ ಕಿತ್ತ ಮರಗಳೂ ಬಂದವು. ಚಾರ್ಮಾಡಿಯ ಕೊಳಂಬೆಯಲ್ಲಿ ಅಡಿಕೆ ತೋಟಗಳು ಮರಳಿನಡಿ ಹೂತವು. ಆಮೇಲೆ ಉಜಿರೆಯ ‘ಬದುಕು ಕಟ್ಟೋಣ ಬನ್ನಿ’ ತಂಡ ಅಲ್ಲಿ ಮನೆಗಳನ್ನು ಮತ್ತೆ ಎಬ್ಬಿಸಲು ನಿಂತಿತು. ಘಟ್ಟದ ರಸ್ತೆ ತಿಂಗಳುಗಟ್ಟಲೆ ದೊಡ್ಡ ವಾಹನಗಳಿಗೆ ಮುಚ್ಚಿತು. ಘಟ್ಟದ ಮೇಲೆ, ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಮನೆ ತೋಟಗಳೇ ಕೊಚ್ಚಿಹೋದವು.

ಕಾಡು ಕಡಿದದ್ದಕ್ಕೆ ಗುಡ್ಡ ಕುಸಿಯಿತು ಎಂಬ ಉತ್ತರ ಇಲ್ಲಿ ಪೂರ್ತಿ ಸಾಲುವುದಿಲ್ಲ. ಇವುಗಳಲ್ಲಿ ಎಷ್ಟೋ ಗೀರುಗಳು ಹುಟ್ಟಿದ್ದು ಕಾಡಿನ ನಡುವೆಯೇ. ಮರದ ಬೇರು ಮೇಲಿನ ಒಂದೆರಡು ಮೀಟರ್ ಮಣ್ಣನ್ನು ಹೊಲಿದಿಡುತ್ತದೆ. ಸಡಿಲ ಪದರ ಅದಕ್ಕಿಂತ ಆಳದಲ್ಲಿದ್ದರೆ ಕಾಡೇ ಮಣ್ಣಿನ ಜೊತೆ ಇಳಿದು ಬರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1876ರಲ್ಲೇ ಬೆಟ್ಟದ ಕಾಡಿಗೆ ಕಾನೂನಿನ ರಕ್ಷಣೆ ಕೊಟ್ಟರು. ಹಿಮ ಕಳಚಿಕೊಳ್ಳುವ ಜಾಗದಲ್ಲೇ ಮರಗಳಿದ್ದರೆ ಅದನ್ನು ತಡೆಯಬಲ್ಲವು, ಮೇಲೆಲ್ಲೋ ಹೊರಟು ವೇಗ ಪಡೆದ ಹಿಮವನ್ನಲ್ಲ ಎಂಬುದು ಅಲ್ಲಿನವರ ಅನುಭವ. ಘಟ್ಟಕ್ಕೂ ಇದು ಸಲ್ಲುತ್ತದೆ.

ಹೊರಟದ್ದು ಎಷ್ಟು ದೂರ ಓಡುತ್ತದೆ? ಕೆಳಗಿನ ಊರಿಗೆ ಬೇಕಾದದ್ದು ಈ ಪ್ರಶ್ನೆಯ ಉತ್ತರ. ಆಲ್ಪ್ಸ್‌ನಲ್ಲಿ 1950-51ರ ಚಳಿಗಾಲದ ಹಿಮಕುಸಿತಗಳು 250ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು. ಅದಾದ ಮೇಲೆ, 1955ರಲ್ಲಿ, ಅಡಾಲ್ಫ್ ಫೆಲ್ಮಿ ಎಂಬ ಎಂಜಿನಿಯರ್ ಎರಡು ಬಗೆಯ ತಡೆಗಳನ್ನಿಟ್ಟುಕೊಂಡು ಒಂದು ಲೆಕ್ಕ ಕೊಟ್ಟ: ನೆಲಕ್ಕೆ ಉಜ್ಜುವ ಘರ್ಷಣೆ ಒಂದು, ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವ ಪ್ರತಿರೋಧ ಇನ್ನೊಂದು. ಹಿಮಕ್ಕೆಂದು ಹುಟ್ಟಿದ ಆ ಸೂತ್ರದಲ್ಲೇ ಇಂದು ಕಲ್ಲುಮಣ್ಣಿನ ಪ್ರವಾಹದ ಓಟವನ್ನೂ ಕಂಪ್ಯೂಟರಿನಲ್ಲಿ ಅಂದಾಜಿಸುತ್ತಾರೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲಗಳನ್ನು ಅಳಿಸಿದ ಕುಸಿತ ಹೊರಟದ್ದು 1,550 ಮೀಟರ್ ಎತ್ತರದಲ್ಲಿ. ಇಸ್ರೋದ ಉಪಗ್ರಹ ಚಿತ್ರಗಳ ಪ್ರಕಾರ ಕಳಚಿಕೊಂಡ ನೆಲ ಸುಮಾರು 86,000 ಚದರ ಮೀಟರ್, ಓಡಿದ ದೂರ ಸುಮಾರು 8 ಕಿಲೋಮೀಟರ್. 250ಕ್ಕೂ ಹೆಚ್ಚು ಜನ ಸತ್ತದ್ದು ಗುಡ್ಡದ ಓರೆಯಲ್ಲಲ್ಲ, ಕೆಳಗಿನ ಹೊಳೆಬದಿಯ ಊರುಗಳಲ್ಲಿ. ಬೆಳ್ತಂಗಡಿಯ ಘಟ್ಟದಡಿಯ ಊರುಗಳೂ ಹೊಳೆಬದಿಯಲ್ಲೇ ಇವೆ; ತೋಟಕ್ಕೆ ಬೇಕಾದ ಮೆಕ್ಕಲು ನೆಲ ಸಿಗುವುದು ಅಲ್ಲೇ ತಾನೆ. ಆ ಮೆಕ್ಕಲಿನಲ್ಲಿ ಹಿಂದಿನ ಕುಸಿತಗಳ ಪಾಲೂ ಇದ್ದೀತು.

ಘಟ್ಟದಲ್ಲಿ ಕಳಚಿದ ಮಣ್ಣು ಕೊನೆಗೆ ಸೇರುವುದು ನೇತ್ರಾವತಿಯನ್ನು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಅದು ಬಂಟ್ವಾಳಕ್ಕೆ ಬರುತ್ತದೆ. ಅಲ್ಲಿ ಅಪಾಯದ ಮಟ್ಟ 8.5 ಮೀಟರ್, 1923 ಮತ್ತು 1974ರ ನೆರೆಗಳನ್ನು ಬಂಟ್ವಾಳ, ಪಾಣೆಮಂಗಳೂರು ಪೇಟೆಗಳು ಇಂದಿಗೂ ಹೆಸರಿಟ್ಟು ಹೇಳುತ್ತವೆ. ನದಿಯ ಮಟ್ಟ ಅಳೆಯುವ ವ್ಯವಸ್ಥೆ ಹೀಗೆ ಪಕ್ಕಾ ಆಗಿದೆ. ಗುಡ್ಡದೊಳಗಿನ ನೀರಿನ ಮಟ್ಟಕ್ಕೆ ಅಂಥ ಅಳತೆಗೋಲಿಲ್ಲ.

ಅದರ ಬದಲಿಗೆ ಬಳಸುವುದು ಮಳೆಯ ಲೆಕ್ಕ. ನೆಲ್ ಕೇನ್ ಎಂಬ ವಿಜ್ಞಾನಿ 1980ರಲ್ಲಿ ಲೋಕದ ಹಲವೆಡೆಯ ಭೂಕುಸಿತಗಳನ್ನು ಕೂಡಿಸಿ, ಎಷ್ಟು ಹೊತ್ತು ಎಷ್ಟು ಬಿರುಸಿನ ಮಳೆ ಬಂದರೆ ಇಳಿಜಾರು ಜರಿಯತೊಡಗುತ್ತದೆ ಎಂದು ಒಂದು ಗೆರೆ ಎಳೆದ. ಅವನ ಸೂತ್ರಕ್ಕೆ 24 ಗಂಟೆಯನ್ನು ಹಾಕಿದರೆ ಬರುವ ಉತ್ತರ 100 ಮಿಲಿಮೀಟರಿನ ಆಸುಪಾಸು. ಜುಲೈಯಲ್ಲಿ ಬೆಳ್ತಂಗಡಿಗೆ ಒಂದು ದಿನಕ್ಕೆ ಅಷ್ಟು ಮಳೆ ಬಂದರೆ ಅದು ಸುದ್ದಿಯೇ ಅಲ್ಲ; ಹವಾಮಾನ ಇಲಾಖೆಯ ಪಟ್ಟಿಯಲ್ಲೂ ಅದು ‘ಭಾರೀ ಮಳೆ’, ‘ಅತಿ ಭಾರೀ’ ಕೂಡ ಅಲ್ಲ. ಆ ಗೆರೆಯನ್ನು ನಂಬಿದರೆ ಮಳೆಗಾಲದಲ್ಲಿ ದಿನ ಬಿಟ್ಟು ದಿನ ಊರು ಖಾಲಿ ಮಾಡಬೇಕಾದೀತು. ಹೆಚ್ಚು ಮಳೆ ಬೀಳುವ ಕಡೆಯ ಇಳಿಜಾರು ಅಷ್ಟು ಮಳೆಗೆ ಹೊಂದಿಕೊಂಡೇ ನಿಂತಿರುತ್ತದೆ. ಅದನ್ನು ಕೆಡಹುವುದು ಒಂದು ದಿನದ ಮೊತ್ತಕ್ಕಿಂತ ಹೆಚ್ಚಾಗಿ, ವಾರಗಟ್ಟಲೆ ನೆನೆದು ತುಂಬಿದ ಮೇಲೆ ಬರುವ ಎರಡು ಮೂರು ತಾಸಿನ ಬಿರುಸು. ಆದ್ದರಿಂದ ಪ್ರತಿ ಸೀಮೆಗೂ ಅದರದೇ ಗೆರೆ ಬೇಕು. ಗೆರೆ ಎಳೆಯಲು ದಶಕಗಳ ಮಳೆ ದಾಖಲೆ ಬೇಕು, ಯಾವ ಗುಡ್ಡ ಯಾವ ದಿನ, ಎಷ್ಟು ಗಂಟೆಗೆ ಜರಿಯಿತೆಂಬ ದಾಖಲೆ ಅದಕ್ಕಿಂತ ಮುಖ್ಯವಾಗಿ ಬೇಕು. ಮಳೆಯದ್ದು ಅಷ್ಟಿಷ್ಟು ಇದೆ: ನೆರೆಯ ಸುಳ್ಯ ತಾಲ್ಲೂಕಿನ ಬಾಳಿಲದಲ್ಲಿ ಕೃಷಿಕರೊಬ್ಬರು 1976ರಿಂದ ಮನೆಯಂಗಳದಲ್ಲಿ ದಿನವೂ ಮಳೆ ಅಳೆದು ಬರೆದಿಟ್ಟಿದ್ದಾರೆ. ಕುಸಿತದ್ದು ಚದುರಿದೆ, ಪತ್ರಿಕೆಯ ನಾಲ್ಕು ಸಾಲಿನಲ್ಲಿ, ತಾಲ್ಲೂಕು ಕಚೇರಿಯ ಪರಿಹಾರದ ಕಡತದಲ್ಲಿ, ಪಂಚಾಯತಿಯ ಫೋಟೋಗಳಲ್ಲಿ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2020ರ ಮಳೆಗಾಲದಲ್ಲಿ ಡಾರ್ಜಿಲಿಂಗ್ ಮತ್ತು ನೀಲಗಿರಿ ಜಿಲ್ಲೆಗಳಿಗೆ ಪ್ರಾಯೋಗಿಕವಾಗಿ ಭೂಕುಸಿತದ ಮುನ್ಸೂಚನೆ ಕೊಡತೊಡಗಿತು. ವಯನಾಡಿನ ದುರಂತಕ್ಕೆ ಹನ್ನೊಂದು ದಿನ ಮುಂಚೆ, 2024ರ ಜುಲೈ 19ರಂದು, ಕೋಲ್ಕತ್ತದಲ್ಲಿ ಅದರ ರಾಷ್ಟ್ರೀಯ ಮುನ್ಸೂಚನಾ ಕೇಂದ್ರ ಶುರುವಾಯಿತು. ಯುರೋಪಿನಲ್ಲಿ 1993ರಿಂದ ಹಿಮಕುಸಿತಕ್ಕೆ ಒಂದರಿಂದ ಐದರವರೆಗಿನ ಅಪಾಯದ ಅಂಕಿ ಇದೆ. ಚಳಿಗಾಲದಲ್ಲಿ ಬೆಟ್ಟಕ್ಕೆ ಹೊರಟವರು ಬೆಳಗ್ಗೆ ಎದ್ದು ಅದನ್ನು ನೋಡಿಕೊಳ್ಳುತ್ತಾರೆ, ಯಾವ ಎತ್ತರದ ಮೇಲೆ, ಯಾವ ದಿಕ್ಕಿನ ಇಳಿಜಾರಿನಲ್ಲಿ ಅಪಾಯವೆಂದೂ ಅದರಲ್ಲಿ ಬರೆದಿರುತ್ತದೆ. ಬೆಳ್ತಂಗಡಿಯಲ್ಲಿ ಅಷ್ಟು ನಿಖರವಾಗಿ ಹೇಳಬೇಕಿದ್ದರೆ ಮೊದಲ ತೊಡಕು ಮಳೆಮಾಪಕ ಇರುವ ಜಾಗದ್ದೇ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕಗಳನ್ನು ಹಾಕಿದೆ. ದೇಶದಲ್ಲೇ ಇದು ದಟ್ಟವಾದ ಜಾಲ. ಆದರೆ ಪಂಚಾಯತಿಗಳಿರುವುದು ಜನವಸತಿಯ ತಗ್ಗಿನಲ್ಲಿ. ಮಣ್ಣು ಕಳಚಿಕೊಳ್ಳುವುದು ಅದಕ್ಕಿಂತ ಸಾವಿರ ಮೀಟರ್ ಮೇಲೆ, ಮೋಡ ಘಟ್ಟಕ್ಕೆ ಢಿಕ್ಕಿ ಹೊಡೆಯುವಲ್ಲಿ. ದಿಡುಪೆಯ ಅಂಗಳದ ಮಳೆಯೂ ಘಟ್ಟದ ಬಂಡಾಜೆ ಅರ್ಬಿ ಜಲಪಾತದ ನೆತ್ತಿಯ ಮಳೆಯೂ ಒಂದೇ ಅಲ್ಲ. ಆ ನೆತ್ತಿಯಲ್ಲಿ ಒಂದು ಮಳೆಮಾಪಕ, ಅದರ ಕೆಳಗಿನ ಓರೆಯಲ್ಲಿ ಮಣ್ಣಿನೊಳಗಿನ ನೀರಿನ ಒತ್ತಡ ತೋರಿಸುವ ಕೆಲವು ಕೊಳವೆಗಳು, ಮೋಡ ಮುಸುಕಿದ ವಾರಗಳಲ್ಲೂ ನಡೆಯುವಂಥ ಬ್ಯಾಟರಿ: ಪಟ್ಟಿ ಇಷ್ಟೇ. ಅದನ್ನು ಹೊತ್ತುಕೊಂಡು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು, ಜಿಗಣೆಗಳ ಕಾಲದಲ್ಲಿ ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬರುವ ಇಬ್ಬರು ಬೇಕು.